ಬಿಸಿಯೇರುತ್ತಿರುವ ಕಡಲು ಮತ್ತು ವಿಬ್ರಿಯೋ: ನಮ್ಮ ಅಳಿವೆಗಳಿಗೆ ಇದು ಹೊಸ ಅತಿಥಿಯೇ, ಹಳೆಯ ವಾಸಿಯೇ?

ಅಳಿವೆಯಂಚು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತವರು ಅಘನಾಶಿನಿ ಅಳಿವೆಯ ದಡದ ಒಂದು ಊರು. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿಗಿಳಿದು ಬಳಚು ಆರಿಸುವುದು ನಮ್ಮ ಮನೆಯವರಿಗೆ ಮೂರು ತಲೆಮಾರಿನ ಕೆಲಸ. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಸೋದರಮಾವನ ಕಾಲ್ಬೆರಳಿಗೆ ಚಿಪ್ಪು ತಾಗಿ ಸಣ್ಣದೊಂದು ಗೀರು ಬಿತ್ತು. ಬೆಳಿಗ್ಗೆ ಅದು ಬರಿಯ ಗೀರು. ರಾತ್ರಿಯ ಹೊತ್ತಿಗೆ ಪಾದ ಪೂರ್ತಿ ಕೆಂಪಾಗಿ ಊದಿಕೊಂಡಿತ್ತು, ಮರುದಿನ ನಸುಕಿನಲ್ಲಿ ಕಣಕಾಲಿನ ಸುತ್ತ ನೇರಳೆ ಬಣ್ಣದ ನೀರುಗುಳ್ಳೆಗಳು ಎದ್ದಿದ್ದವು. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಲಿವರ್ ತೊಂದರೆಯೂ ಇದೆ. ಎರಡು ಬೆರಳು ತೆಗೆಯಬೇಕಾಯಿತು, ಜೀವ ಉಳಿಯಿತು. ಗಾಯದ ಸ್ರಾವದ ಪರೀಕ್ಷಾ ವರದಿಯಲ್ಲಿ ಮಾತ್ರ "ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ" ಎಂದಿತ್ತು.

ಆಮೇಲೆ ನಾನು ಓದತೊಡಗಿದೆ. ಕಡಲು ಬಿಸಿಯಾಗುತ್ತಿರುವುದರಿಂದ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಕುಲ ಬಾಲ್ಟಿಕ್ ಸಮುದ್ರದಲ್ಲಿ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಉತ್ತರಕ್ಕೆ ಹಬ್ಬುತ್ತಿದೆ ಎಂಬ ವರದಿಗಳೇ ಎಲ್ಲೆಡೆ ಕಾಣಿಸುತ್ತಿವೆ. ಅಲ್ಲಿ ನೀರು 20 ಡಿಗ್ರಿ ದಾಟಿದರೆ ಎಚ್ಚರಿಕೆ ಕೊಡುತ್ತಾರೆ. ನಮ್ಮ ಕಡಲಿನ ನೀರು ಏಪ್ರಿಲ್, ಮೇ ತಿಂಗಳಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗಾದರೆ ಈ ಜೀವಿ ನಮ್ಮಲ್ಲಿ ಮೊದಲಿನಿಂದಲೂ ಇರಬೇಕಲ್ಲವೇ? ಇದ್ದರೆ ಅದರ ಹೆಸರನ್ನು ನಮ್ಮ ಊರಿನಲ್ಲಿ ಯಾರೂ ಏಕೆ ಕೇಳಿಲ್ಲ? ಕಡಲು ಇನ್ನೂ ಬಿಸಿಯಾದರೆ ನಮಗೆ ಏನು ವ್ಯತ್ಯಾಸವಾಗುತ್ತದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಗಂಗಾವಳಿ

ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ: ಅವರು ಸಿಂಪಿಯನ್ನು ಹಸಿಯಾಗಿ ತಿನ್ನುತ್ತಾರೆ, ನಾವು ಬಳಚನ್ನು ಬಾಯಿ ಬಿಡುವ ತನಕ ಬೇಯಿಸಿ, ಕಾಯಿ ಹಾಕಿ ಮತ್ತೆ ಕುದಿಸುತ್ತೇವೆ.

ಸೂಕ್ಷ್ಮಲೋಕ

ಮಂಗಳೂರಿನಲ್ಲಿ ಮೀನುಗಾರಿಕೆ ಸೂಕ್ಷ್ಮಜೀವಿಶಾಸ್ತ್ರ ಓದಿದವನು ನಾನು. ನಿಮ್ಮ ಮಾವನ ಕಥೆ ಓದಿ ಮನಸ್ಸು ಭಾರವಾಯಿತು. ವರದಿ ನೋಡದೆ ಇದೇ ಬ್ಯಾಕ್ಟೀರಿಯಾ ಎಂದು ಯಾರೂ ಹೇಳಲಾಗದು, ಆದರೆ ನೀವು ವಿವರಿಸಿದ ವೇಗ, ನೇರಳೆ ಗುಳ್ಳೆಗಳು, ಲಿವರ್ ತೊಂದರೆ, ಅಳಿವೆಯ ನೀರು ಈ ನಾಲ್ಕೂ ಸೇರಿದಾಗ ವೈದ್ಯರ ಮನಸ್ಸಿಗೆ ಮೊದಲು ಬರಬೇಕಾದ ಹೆಸರು ವಿಬ್ರಿಯೋ ವಲ್ನಿಫಿಕಸ್. ಲ್ಯಾಟಿನ್ನಿನಲ್ಲಿ ವಲ್ನಿಫಿಕಸ್ ಎಂದರೆ ಗಾಯ ಮಾಡುವಂಥದ್ದು.

ಮೊದಲು ತಿಳಿಯಬೇಕಾದ ಸಂಗತಿ ಎಂದರೆ ವಿಬ್ರಿಯೋ ಹೊರಗಿನಿಂದ ಬಂದು ಸೇರಿದ ಕೊಳೆಯಲ್ಲ. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲ ಉಪ್ಪುನೀರಿನ, ಸವಳುನೀರಿನ ಮೂಲನಿವಾಸಿ. ಅವುಗಳಲ್ಲಿ ಹೆಚ್ಚಿನವು ನಮಗೆ ಏನೂ ಮಾಡುವುದಿಲ್ಲ. ಸಿಗಡಿ, ಏಡಿ ಮತ್ತು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಜೀವಿಗಳಾದ ಕೋಪೆಪಾಡ್‌ಗಳ ಮೈಕವಚ ಕೈಟಿನ್ ಎಂಬ ವಸ್ತುವಿನಿಂದ ಆದದ್ದು. ಆ ಕವಚವನ್ನು ಕರಗಿಸಿ ತಿಂದು, ಅದರ ಇಂಗಾಲವನ್ನೂ ಸಾರಜನಕವನ್ನೂ ಮತ್ತೆ ಕಡಲಿನ ಚಕ್ರಕ್ಕೆ ಸೇರಿಸುವುದರಲ್ಲಿ ವಿಬ್ರಿಯೋಗಳದ್ದು ದೊಡ್ಡ ಪಾಲು. ಅವು ಇಲ್ಲದಿದ್ದರೆ ಕಡಲ ತಳದಲ್ಲಿ ಕವಚಗಳ ರಾಶಿಯೇ ಬೀಳುತ್ತಿತ್ತು. ಕೈಟಿನ್ ಮೇಲೆ ಕುಳಿತಾಗ ಕಾಲರಾ ವಿಬ್ರಿಯೋ ಸುತ್ತಲಿನ ನೀರಿನಿಂದ ಬೇರೆ ಬ್ಯಾಕ್ಟೀರಿಯಾಗಳ ಡಿಎನ್‌ಎ ತುಣುಕುಗಳನ್ನು ಹೀರಿಕೊಳ್ಳುವ ಸಾಮರ್ಥ್ಯ ಪಡೆಯುತ್ತದೆ ಎಂಬುದು 2005ರಲ್ಲಿ ಪತ್ತೆಯಾಯಿತು. ಒಂದು ನಿರುಪದ್ರವಿ ತಳಿ ವಿಷದ ವಂಶವಾಹಿ ಪಡೆಯುವ ಜಾಗ ಆಸ್ಪತ್ರೆಯೇ ಆಗಬೇಕಿಲ್ಲ, ಒಂದು ಸಿಗಡಿಯ ಬೆನ್ನೂ ಆಗಬಹುದು.

ಎರಡನೆಯದು ಉಪ್ಪು. ವಲ್ನಿಫಿಕಸ್‌ಗೆ ಬೆಚ್ಚಗಿನ ನೀರು ಎಷ್ಟು ಬೇಕೋ ಹದವಾದ ಉಪ್ಪೂ ಅಷ್ಟೇ ಬೇಕು. ಲೀಟರಿಗೆ ಸುಮಾರು 5ರಿಂದ 25 ಗ್ರಾಂ ಉಪ್ಪಿರುವ ನೀರು ಅದಕ್ಕೆ ಹಿತ. ತೆರೆದ ಕಡಲಿನ 35 ಗ್ರಾಂ ಅದಕ್ಕೆ ಜಾಸ್ತಿ, ಹೊಳೆಯ ಸಿಹಿನೀರು ಕಡಿಮೆ. ಆದ್ದರಿಂದ ಅದರ ನೆಲೆ ಅಳಿವೆ. ನಿಮ್ಮ ಮಾವ ನೀರಿಗಿಳಿದ ಕಾಲವನ್ನು ಗಮನಿಸಿ: ಮಳೆ ಮುಗಿದು ಹೊಳೆಯ ನೀರು ತಗ್ಗಿ, ಉಬ್ಬರದೊಂದಿಗೆ ಉಪ್ಪು ಮತ್ತೆ ಒಳಗೆ ಏರುತ್ತಿದ್ದ ಕಾಲ.

ಮೂರನೆಯದು ಕಬ್ಬಿಣ. ಆರೋಗ್ಯವಂತರ ರಕ್ತದಲ್ಲಿ ಕಬ್ಬಿಣಾಂಶವನ್ನು ಪ್ರೋಟೀನುಗಳು ಬಿಗಿಯಾಗಿ ಹಿಡಿದಿಟ್ಟಿರುತ್ತವೆ, ಬ್ಯಾಕ್ಟೀರಿಯಾಕ್ಕೆ ಅದು ಸುಲಭವಾಗಿ ದಕ್ಕುವುದಿಲ್ಲ. ಲಿವರ್ ಕೆಟ್ಟವರಲ್ಲಿ, ಮೈಯಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆಯವರಲ್ಲಿ ಆ ಹಿಡಿತ ಸಡಿಲವಾಗಿರುತ್ತದೆ. ಅದೇ ನೀರಿನಲ್ಲಿ ಅದೇ ಗೀರು ಬಿದ್ದ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಏನೂ ಆಗದೆ ಒಬ್ಬರ ಕಾಲು ಕೊಳೆಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಉತ್ತರದ ಕನ್ನಡಿಗ

ನಾನು ಸ್ಟಾಕ್‌ಹೋಮ್ ಬಳಿ ವಾಸಿಸುತ್ತೇನೆ. ಉಪ್ಪಿನ ಮಾತು ಬಂದದ್ದರಿಂದ ಇಲ್ಲಿನದನ್ನು ಹೇಳಬೇಕು ಅನಿಸಿತು. ಇಲ್ಲಿ ಬಾಲ್ಟಿಕ್ ನೀರನ್ನು ಬಾಯಿಗೆ ಹಾಕಿಕೊಂಡರೆ ಸಾರಿಗೆ ಉಪ್ಪು ಕಡಿಮೆಯಾದಂತೆ ಇರುತ್ತದೆ, ಲೀಟರಿಗೆ 6-7 ಗ್ರಾಂ ಅಷ್ಟೇ. ಸೂಕ್ಷ್ಮಲೋಕ ಅವರು ಹೇಳಿದ ಅಳತೆಯಲ್ಲಿ ಇಡೀ ಸಮುದ್ರವೇ ಒಂದು ದೊಡ್ಡ ಅಳಿವೆ ಎಂದು ಈಗ ಅರ್ಥವಾಯಿತು. ಇಷ್ಟು ಕಾಲ ಕೊರತೆ ಇದ್ದದ್ದು ಬಿಸಿಯದ್ದು ಮಾತ್ರ. 2014ರ ಬೇಸಿಗೆಯ ಬಿಸಿಗಾಳಿಯಲ್ಲಿ ಆ ಕೊರತೆಯೂ ನೀಗಿತು. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಆ ವರ್ಷ ವಿಬ್ರಿಯೋ ಸೋಂಕುಗಳು ಒಮ್ಮೆಲೇ ಹೆಚ್ಚಾದವು, ಆರ್ಕ್ಟಿಕ್ ವೃತ್ತಕ್ಕೆ ಅಷ್ಟೇನೂ ದೂರವಿಲ್ಲದ ಊರುಗಳಿಂದಲೂ ವರದಿಯಾದವು. 2018ರಲ್ಲಿ ಮತ್ತೆ ಹಾಗೆಯೇ ಆಯಿತು. ಇಲ್ಲಿನ ಪತ್ರಿಕೆಗಳು ಇದಕ್ಕೆ 'ಬಾದ್‌ಸೋರ್ಸ್‌ಫೇಬರ್' ಎಂದು ಹೆಸರಿಟ್ಟಿವೆ, ಈಜುವಾಗ ಗಾಯದಿಂದ ಹತ್ತುವ ಜ್ವರ ಎಂದರ್ಥ.

ಚಳಿಗಾಲದಲ್ಲಿ ನಮ್ಮ ಮನೆಯ ಮುಂದಿನ ಕೊಲ್ಲಿ ಹೆಪ್ಪುಗಟ್ಟುತ್ತದೆ, ಮಕ್ಕಳು ಅದರ ಮೇಲೆ ಜಾರುತ್ತಾರೆ. ಅಂಥ ನೀರಿನಲ್ಲಿ ಈ ಜೀವಿ ಹೇಗೆ ಬದುಕುಳಿಯುತ್ತದೆ ಎಂಬುದು ನನಗೆ ಇನ್ನೂ ಬಗೆಹರಿಯದ ಪ್ರಶ್ನೆ.

ಸೂಕ್ಷ್ಮಲೋಕ

ಕೆಸರಿನಲ್ಲಿ ಉಳಿಯುತ್ತದೆ. ನೀರು ತಣ್ಣಗಾದಾಗ ವಿಬ್ರಿಯೋಗಳು ಒಂದು ಬಗೆಯ ಸುಪ್ತ ಸ್ಥಿತಿಗೆ ಜಾರುತ್ತವೆ. ಜೀವ ಇರುತ್ತದೆ, ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಹೋದರೆ ಬೆಳೆಯುವುದಿಲ್ಲ. ಅಮೆರಿಕದ ಸೂಕ್ಷ್ಮಜೀವಿಶಾಸ್ತ್ರಜ್ಞೆ ರೀಟಾ ಕೋಲ್ವೆಲ್ ಅವರ ತಂಡ 1982ರಲ್ಲಿ ಇದನ್ನು ತೋರಿಸುವ ಮೊದಲು, ತಟ್ಟೆಯಲ್ಲಿ ಬೆಳೆಯದಿದ್ದರೆ ನೀರಿನಲ್ಲಿ ಇಲ್ಲ ಎಂದೇ ನಂಬಿದ್ದರು. ವಸಂತದಲ್ಲಿ ನೀರು ಬೆಚ್ಚಗಾದಂತೆ ಅವು ಎಚ್ಚರಗೊಳ್ಳುತ್ತವೆ. ನಿಮ್ಮ ಬಾಲ್ಟಿಕ್‌ನಲ್ಲಿ ತಾಪಮಾನದ ಏರಿಕೆ ಮಾಡುತ್ತಿರುವ ಕೆಲಸ ಇದೇ. ಹೊಸ ಜೀವಿಯನ್ನು ತರುತ್ತಿಲ್ಲ, ಇರುವ ಜೀವಿಯ ಎಚ್ಚರದ ತಿಂಗಳುಗಳನ್ನು ಹೆಚ್ಚಿಸುತ್ತಿದೆ.

ತೀರ ಉಳಿಸಿ

ಕ್ಷಮಿಸಿ, ನನಗೆ ಇದರಲ್ಲಿ ಒಂದು ತಕರಾರಿದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಊರಿನ ಕೊಳಚೆಯನ್ನು ನೇರವಾಗಿ ಹೊಳೆಗೆ ಬಿಡುವವರಿಗೆ ನೆಮ್ಮದಿ. ನಮ್ಮ ಅಳಿವೆಗಳಿಗೆ ಬಂದು ಸೇರುವ ಚರಂಡಿ ನೀರನ್ನು ಕಣ್ಣಾರೆ ಕಂಡವನು ನಾನು. ಚರಂಡಿ ನಿಲ್ಲಿಸಿದರೆ ರೋಗವೂ ನಿಲ್ಲುತ್ತದೆ ಎಂಬುದೇ ನನ್ನ ವಾದ.

ಸೂಕ್ಷ್ಮಲೋಕ

ಚರಂಡಿ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ನಿಲ್ಲುವುದು ಟೈಫಾಯಿಡ್, ಕಾಮಾಲೆ, ಮಲದಿಂದ ಹರಡುವ ಇತರ ರೋಗಗಳು. ವಲ್ನಿಫಿಕಸ್ ಮತ್ತು ಚಿಪ್ಪುಮೀನಿನಿಂದ ಭೇದಿ ತರುವ ಇನ್ನೊಂದು ವಿಬ್ರಿಯೋ ಆದ ಪ್ಯಾರಾಹೀಮೋಲಿಟಿಕಸ್ ಮಲದಿಂದ ಬರುವಂಥವಲ್ಲ. ಚಿಪ್ಪುಮೀನು ಬೆಳೆಯುವ ನೀರಿನ ಶುದ್ಧತೆಯನ್ನು ಅಳೆಯಲು ಜಗತ್ತಿನಾದ್ಯಂತ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆಯನ್ನೇ ಬಳಸುತ್ತಾರೆ. ಆ ಎಣಿಕೆ ಸೊನ್ನೆಯ ಹತ್ತಿರವಿದ್ದರೂ ವಿಬ್ರಿಯೋ ಧಾರಾಳವಾಗಿ ಇರಬಹುದು. ಸಿಂಪಿಗಳನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಟ್ಟರೆ ಕೋಲಿಫಾರ್ಮ್ ಹೊರಹೋಗುತ್ತದೆ, ವಿಬ್ರಿಯೋ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಏಕೆಂದರೆ ಸಿಂಪಿಯ ಹೊಟ್ಟೆಯೇ ಅದರ ಮನೆ.

ಒಂದು ಅರ್ಥದಲ್ಲಿ ಮಾತ್ರ ನಿಮ್ಮ ಮಾತು ಸರಿ. ಚರಂಡಿಯ ಮತ್ತು ಗೊಬ್ಬರದ ಸಾರ ನೀರಿಗೆ ಸೇರಿದರೆ ಪಾಚಿ ಹೆಚ್ಚುತ್ತದೆ, ಪಾಚಿ ತಿನ್ನುವ ಕೋಪೆಪಾಡ್ ಹೆಚ್ಚುತ್ತದೆ, ಕೋಪೆಪಾಡ್ ಮೈಮೇಲೆ ವಿಬ್ರಿಯೋ ಹೆಚ್ಚುತ್ತದೆ. ಅದು ಪರೋಕ್ಷ ಸಂಬಂಧ, ಆದರೆ ಸುಳ್ಳಲ್ಲ.

ತೀರ ಉಳಿಸಿ

ಪರೋಕ್ಷವಾದರೂ ಸಂಬಂಧ ಇದೆ ಎಂದು ಒಪ್ಪಿದಿರಲ್ಲ, ಅಷ್ಟು ಸಾಕು. ಕೋಲಿಫಾರ್ಮ್ ಎಣಿಕೆ ಇದನ್ನು ತೋರಿಸುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ, ತಿದ್ದಿದ್ದಕ್ಕೆ ಕೃತಜ್ಞ.

ಗಜನಿ ಸಿಗಡಿ

ಹದಿನೆಂಟು ವರ್ಷದಿಂದ ಸಿಗಡಿ ಸಾಕುತ್ತಿದ್ದೇನೆ. ವಿಬ್ರಿಯೋ ಹೆಸರನ್ನು ನಮ್ಮ ಕರಾವಳಿಯಲ್ಲಿ ಯಾರೂ ಕೇಳಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಸಿಗಡಿ ಕೆರೆಯವರನ್ನು ಕೇಳಿ, ವೈದ್ಯರಿಗಿಂತ ಮೊದಲು ನಾವೇ ಹೇಳುತ್ತೇವೆ. ಕೆರೆಯ ನೀರಿನ ಒಂದು ಹನಿಯನ್ನು ವಿಬ್ರಿಯೋ ಬೆಳೆಸಿ ನೋಡುವ ಟಿಸಿಬಿಎಸ್ ಎಂಬ ಹಸಿರು ಮಾಧ್ಯಮದ ತಟ್ಟೆಗೆ ಹಚ್ಚಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಳದಿ ಚುಕ್ಕೆಗಳು ಕಂಡರೆ ಉಸಿರು ಬಿಡುತ್ತೇವೆ. ಹಸಿರು ಚುಕ್ಕೆಗಳು ಹಳದಿಯನ್ನು ಮೀರಿದರೆ ಆ ದಿನ ಊಟ ಸೇರುವುದಿಲ್ಲ. ಮರಿಕೇಂದ್ರಗಳಲ್ಲಿ ರಾತ್ರಿ ದೀಪ ಆರಿಸಿದರೆ ತೊಟ್ಟಿಯ ನೀರಿನಲ್ಲಿ ಸಾಯುತ್ತಿರುವ ಮರಿಗಳೇ ಮಿಣುಗುವುದನ್ನು ನಾನು ನೋಡಿದ್ದೇನೆ. ಅದು ಹಾರ್ವೇಯಿ ಎಂಬ ಬೆಳಕು ಬೀರುವ ವಿಬ್ರಿಯೋ. ನೋಡಲು ಚಂದ, ಬೆಳಗಾಗುವಾಗ ತೊಟ್ಟಿ ಖಾಲಿ.

ಬೇಸಿಗೆಯಲ್ಲಿ ಕೆರೆಯ ನೀರು ಕಾದು ಆವಿಯಾಗಿ ಉಪ್ಪು ಏರಿದಾಗ ಒಂದು ಬಗೆಯ ಕಾಟ, ಮೊದಲ ಮಳೆ ಬಿದ್ದು ನೀರಿನ ಹದ ಒಮ್ಮೆಲೇ ತಪ್ಪಿದಾಗ ಇನ್ನೊಂದು ಬಗೆಯ ಕಾಟ. ಬಿಸಿಗಿಂತಲೂ ಹಠಾತ್ ಬದಲಾವಣೆಯೇ ಸಿಗಡಿಯನ್ನು ಸೊರಗಿಸುತ್ತದೆ, ಸೊರಗಿದ ಸಿಗಡಿಯನ್ನು ವಿಬ್ರಿಯೋ ಹಿಡಿಯುತ್ತದೆ ಎಂಬುದು ನನ್ನ ಅನುಭವ.

ಸೂಕ್ಷ್ಮಲೋಕ

ಗಜನಿ ಅವರ ಮಾತಿಗೆ ಒಂದು ಸೇರ್ಪಡೆ. ಹಾರ್ವೇಯಿ ಆಂಟಿಬಯಾಟಿಕ್‌ಗಳಿಗೆ ಬಗ್ಗದೆ ಟೈಗರ್ ಸಿಗಡಿಯ ಮರಿಗಳನ್ನು ಸಾಮೂಹಿಕವಾಗಿ ಕೊಂದದ್ದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ ಮತ್ತು ಇಂದ್ರಾಣಿ ಕರುಣಾಸಾಗರ ಅವರ ತಂಡ 1994ರಲ್ಲೇ ದಾಖಲಿಸಿತ್ತು. ಹಸಿರು ಚುಕ್ಕೆಯ ಭಯಕ್ಕೂ ಆಧಾರವಿದೆ, ಆ ತಟ್ಟೆಯಲ್ಲಿ ಹಸಿರಾಗಿ ಬೆಳೆಯುವವುಗಳಲ್ಲಿ ಪ್ಯಾರಾಹೀಮೋಲಿಟಿಕಸ್ ಒಂದು. 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡು ಆಗ್ನೇಯ ಏಷ್ಯಾದ ಕೆರೆಗಳನ್ನು ಬರಿದುಮಾಡಿದ ಸಿಗಡಿಯ 'ಬೇಗ ಸಾಯುವ' ಕಾಯಿಲೆಗೆ ಪ್ಯಾರಾಹೀಮೋಲಿಟಿಕಸ್ ಕಾರಣ ಎಂದು 2013ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ಅವರ ಪ್ರಯೋಗಾಲಯ ಗುರುತಿಸಿತು. ಅದರ ವಿಷದ ವಂಶವಾಹಿ ಇರುವುದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಸಣ್ಣ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್‌ನಲ್ಲಿ.

ಕರಾವಳಿ ವೈದ್ಯ

ಶಸ್ತ್ರಚಿಕಿತ್ಸಕನಾಗಿ ಹೇಳುತ್ತಿದ್ದೇನೆ. ಅಳಿವೆಯಂಚು ಅವರೇ, ವರದಿಯಲ್ಲಿ ಏನೂ ಬೆಳೆಯಲಿಲ್ಲ ಎಂಬುದಕ್ಕೆ ಬಹುಮಟ್ಟಿಗೆ ಸರಳ ಕಾರಣ ಇರುತ್ತದೆ. ಸ್ರಾವದ ಮಾದರಿಯನ್ನು ಆಂಟಿಬಯಾಟಿಕ್ ಕೊಟ್ಟ ಮೇಲೆ ತೆಗೆದರೇ, ಮೊದಲೇ ತೆಗೆದರೇ ಎಂದು ಕಡತದಲ್ಲಿ ನೋಡಿ. ಮೊದಲ ಚುಚ್ಚುಮದ್ದು ಬಿದ್ದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಸಿಗದಿರುವುದು ತೀರಾ ಸಾಮಾನ್ಯ.

ವಿಬ್ರಿಯೋ ಪತ್ತೆಗೆ ಯಾವಾಗಲೂ ವಿಶೇಷ ಮಾಧ್ಯಮ ಬೇಕೇ ಬೇಕು ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಭೇದಿಯ ಮಾದರಿಯಾದರೆ ಟಿಸಿಬಿಎಸ್ ಬಳಸಿ ಎಂದು ವೈದ್ಯರೇ ಬರೆದು ಕೇಳಬೇಕು, ಇಲ್ಲದಿದ್ದರೆ ಅದು ಕಣ್ತಪ್ಪುತ್ತದೆ. ಗಾಯದ ಅಥವಾ ರಕ್ತದ ಮಾದರಿಯಲ್ಲಿ ವಲ್ನಿಫಿಕಸ್ ಸಾಮಾನ್ಯ ರಕ್ತ ಮಾಧ್ಯಮದಲ್ಲೂ ಬೆಳೆಯುತ್ತದೆ. ಆದರೆ ಕಡಲ ನೀರಿನ ಸುಳಿವು ಇಲ್ಲದೆ ಹೋದರೆ ಅದನ್ನು ಬೇರೆ ಹೆಸರಿನಿಂದ ಗುರುತಿಸುವ ಸಾಧ್ಯತೆ ಇದೆ.

ಪತ್ರಿಕೆಗಳು ಇದನ್ನು 'ಮಾಂಸ ತಿನ್ನುವ ಬ್ಯಾಕ್ಟೀರಿಯಾ' ಎನ್ನುತ್ತವೆ. ಅದು ತಿನ್ನುವುದಿಲ್ಲ. ಅದು ಬಿಡುವ ವಿಷಗಳು ಮತ್ತು ಕಿಣ್ವಗಳು ಚರ್ಮದಡಿಯ ಪದರವನ್ನು ಸಾಯಿಸುತ್ತವೆ, ಸತ್ತ ಪದರಕ್ಕೆ ರಕ್ತ ಹರಿಯದ ಕಾರಣ ಔಷಧವೂ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದಲೇ ಔಷಧದ ಜೊತೆಗೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಅದೂ ಗಂಟೆಗಳ ಲೆಕ್ಕದಲ್ಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ವಲ್ನಿಫಿಕಸ್ ಸೋಂಕಿತರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ, ಕೆಲವೊಮ್ಮೆ ಒಂದೆರಡು ದಿನಗಳೊಳಗೆ. ನಿಮ್ಮ ಮಾವನನ್ನು ತಡಮಾಡದೆ ಕರೆದೊಯ್ದದ್ದೇ ಅವರನ್ನು ಉಳಿಸಿದೆ.

ಹಳೆಯ ಪುಟಗಳು

ಕಾಲರಾ ಕೂಡ ವಿಬ್ರಿಯೋ ಕುಲದ್ದೇ ಅಲ್ಲವೇ? ಬಂಗಾಳ ಕೊಲ್ಲಿಯ ಮೇಲ್ಮೈ ತಾಪಮಾನಕ್ಕೂ ಬಾಂಗ್ಲಾದೇಶದ ಕಾಲರಾ ಏರಿಳಿತಕ್ಕೂ ಸಂಬಂಧವಿದೆ ಎಂದು ಕೋಲ್ವೆಲ್ ಅವರ ತಂಡ ಉಪಗ್ರಹದ ಮಾಹಿತಿಯಿಂದ 2000ದಲ್ಲಿ ತೋರಿಸಿತು. ಬಾಂಗ್ಲಾದ ಮತ್ಲಬ್ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಶೇ 48ರಷ್ಟು ಕಡಿಮೆಯಾಯಿತು. ಬ್ಯಾಕ್ಟೀರಿಯಾ ಸೀರೆಯ ಕಣ್ಣಿನಿಂದ ಪಾರಾಗುತ್ತದೆ, ಆದರೆ ಅದನ್ನು ಹೊತ್ತ ಕೋಪೆಪಾಡ್ ಸಿಕ್ಕಿಬೀಳುತ್ತದೆ. ಒಗೆದೊಗೆದು ಎಳೆ ಸಡಿಲಾದ ಹಳೆಯ ಸೀರೆಯೇ ಹೊಸದಕ್ಕಿಂತ ಉತ್ತಮವಂತೆ, ಏಕೆಂದರೆ ಎಳೆಗಳು ಬಿಚ್ಚಿ ಹರಡಿ ಕಣ್ಣುಗಳು ಕಿರಿದಾಗಿರುತ್ತವೆ. ಇದನ್ನು ಓದಿದಾಗ ನನ್ನ ಅಜ್ಜಿ ಕೊಡದ ಬಾಯಿಗೆ ಸೀರೆಯ ತುಂಡು ಕಟ್ಟುತ್ತಿದ್ದುದು ನೆನಪಾಯಿತು. ಆದ್ದರಿಂದ ಕಡಲು ಬಿಸಿಯಾದರೆ ಜಗತ್ತಿನ ಎಲ್ಲ ಕರಾವಳಿಗಳಲ್ಲೂ ಕಾಲರಾ ತಾನಾಗಿ ಏಳುತ್ತದೆ ಎಂದು ತಿಳಿಯಬಹುದಲ್ಲವೇ?

ವಂಶವಾಹಿ

ಸೀರೆಯ ತನಕ ಎಲ್ಲವೂ ಸರಿ, ಕೊನೆಯ ವಾಕ್ಯ ಸರಿಯಲ್ಲ. ಈ ತಪ್ಪು ಬಹಳ ಹರಡಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1991ರಲ್ಲಿ ಪೆರುವಿನಲ್ಲಿ ಕಾಲರಾ ಎದ್ದಾಗ ಅದಕ್ಕೆ ಎಲ್ ನಿನೋ ಬಿಸಿಯೇ ಕಾರಣವಿರಬೇಕು, ಕಡಲಲ್ಲಿದ್ದದ್ದೇ ಮೇಲೆದ್ದಿರಬೇಕು ಎಂದು ಹಲವರು ವಾದಿಸಿದರು. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದ ವರ್ಷವೇ ಕಾಲರಾ ಹಬ್ಬಿದಾಗಲೂ ಇದೇ ವಾದ ಬಂತು. ಆದರೆ ಹೈಟಿಯ ತಳಿ ನೇಪಾಳದ ತಳಿಯೊಂದಿಗೆ ತಾಳೆಯಾಯಿತು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಮಲಿನ ನೀರು ಹೊಳೆಗೆ ಸೇರಿದ್ದೇ ಮೂಲವೆಂದು ತಿಳಿಯಿತು. ಲ್ಯಾಟಿನ್ ಅಮೆರಿಕದ ಹಲವು ದಶಕಗಳ ತಳಿಗಳ ಜೀನೋಮ್ ಓದಿದ 2017ರ ಅಧ್ಯಯನವೂ ದೊಡ್ಡ ಸಾಂಕ್ರಾಮಿಕಗಳು ಹೊರಗಿನಿಂದ ಮನುಷ್ಯರ ಮೂಲಕ ಬಂದ ತಳಿಗಳಿಂದಲೇ ಎದ್ದವು, ಸ್ಥಳೀಯ ಕಡಲಿನ ತಳಿಗಳು ಅಲ್ಲೊಂದು ಇಲ್ಲೊಂದು ಪ್ರಕರಣಕ್ಕಷ್ಟೇ ಕಾರಣವಾದವು ಎಂದು ತೋರಿಸಿತು.

ಹಾಗಾಗಿ ಎರಡನ್ನೂ ಬೇರ್ಪಡಿಸಬೇಕು. ಊರೂರಿಗೆ ಹಬ್ಬುವ ಕಾಲರಾ ಮನುಷ್ಯನಿಂದ ಮನುಷ್ಯನಿಗೆ ಕೊಳಚೆಯ ಮೂಲಕ ಹೋಗುವ ರೋಗ. ಅಲ್ಲಿ 'ತೀರ ಉಳಿಸಿ' ಅವರ ವಾದ ನೂರಕ್ಕೆ ನೂರು ಸರಿ. ಗಾಯದ ಸೋಂಕು, ಚಿಪ್ಪುಮೀನಿನ ಭೇದಿ ಇವು ಪರಿಸರದಿಂದ ನೇರವಾಗಿ ಬರುವಂಥವು, ಅಲ್ಲಿ ತಾಪಮಾನ ಮತ್ತು ಉಪ್ಪಿನ ಲೆಕ್ಕ ಮುಖ್ಯ. ಬಾಲ್ಟಿಕ್‌ನಲ್ಲಿ ಕಾಲರಾ ವಿಬ್ರಿಯೋ ಸಿಗುತ್ತದೆ ಎಂದು ಕೇಳಿ ಹೆದರುವವರೂ ಇದ್ದಾರೆ. ಅಲ್ಲಿ ಗಾಯಕ್ಕೆ, ಕಿವಿಗೆ ಸೋಂಕು ತರುವುದು ಅದೇ ಪ್ರಭೇದದ ಬೇರೆ ತಳಿಗಳು, ಸಾಂಕ್ರಾಮಿಕ ಕಾಲರಾದ ತಳಿಗಳಲ್ಲ.

ಹಳೆಯ ಪುಟಗಳು

ಹೈಟಿಯ ವಿಷಯ ಮರೆತಿದ್ದೆ. ನನ್ನ ಕೊನೆಯ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ.

ಟ್ಯಾಂಪಾ ಕನ್ನಡಿತಿ

ಫ್ಲಾರಿಡಾದಿಂದ ಬರೆಯುತ್ತಿದ್ದೇನೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಚಂಡಮಾರುತ ಅಪ್ಪಳಿಸಿದ ಮೇಲೆ ಇಲ್ಲಿ ವಲ್ನಿಫಿಕಸ್ ಪ್ರಕರಣಗಳು ಒಮ್ಮೆಲೇ ಏರಿದವು. ರಾಜ್ಯದಲ್ಲಿ ಆ ವರ್ಷ 74 ಪ್ರಕರಣ, 17 ಸಾವು. ಕಡಲು ಮನೆಯೊಳಗೆ ಬಂದು, ಮಳೆನೀರು ಅದಕ್ಕೆ ಬೆರೆತು, ಊರಿಗೆ ಊರೇ ಕೆಲವು ದಿನ ಅಳಿವೆಯಾಗಿತ್ತು. ಆ ನೀರಿನಲ್ಲಿ ಮುರಿದ ಹಲಗೆ, ಮೊಳೆಗಳ ನಡುವೆ ಬರಿಗಾಲಿನಲ್ಲಿ ಓಡಾಡಿ ಸಾಮಾನು ಎತ್ತಿದವರಲ್ಲಿ ನಮ್ಮ ಪಕ್ಕದ ಬೀದಿಯ ಅಜ್ಜನೂ ಒಬ್ಬರು, ಅವರು ಬದುಕಲಿಲ್ಲ. 2005ರ ಕತ್ರಿನಾ ಚಂಡಮಾರುತದ ನಂತರವೂ ವಿಬ್ರಿಯೋದಿಂದ ಐವರು ಸತ್ತಿದ್ದರು.

ಅಮೆರಿಕದ ಪೂರ್ವ ಭಾಗದಲ್ಲಿ ವಲ್ನಿಫಿಕಸ್ ಗಾಯದ ಸೋಂಕುಗಳು 1988ರಲ್ಲಿ ವರ್ಷಕ್ಕೆ ಸುಮಾರು 10 ಇದ್ದದ್ದು 2018ರ ಹೊತ್ತಿಗೆ 80ಕ್ಕೆ ಏರಿವೆ, ಪ್ರಕರಣಗಳ ಉತ್ತರದ ಗಡಿ ವರ್ಷಕ್ಕೆ 48 ಕಿಲೋಮೀಟರ್ ಮೇಲೆ ಸರಿದಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ.

ಲೆಕ್ಕಾಚಾರ

ಒಂದು ಅನುಮಾನ. ಪ್ರಕರಣ ಹೆಚ್ಚಾದದ್ದು ಪರೀಕ್ಷೆ ಹೆಚ್ಚಾದದ್ದರಿಂದಲೂ ಇರಬಹುದು, ಕರಾವಳಿಯಲ್ಲಿ ವಯಸ್ಸಾದವರ ಸಂಖ್ಯೆ ಹೆಚ್ಚಿದ್ದರಿಂದಲೂ ಇರಬಹುದು. ಕಡಲಿನಲ್ಲೇ ಬ್ಯಾಕ್ಟೀರಿಯಾ ಹೆಚ್ಚಾಗಿದೆ ಎನ್ನುವುದಕ್ಕೆ ಬೇರೆ ಪುರಾವೆ ಏನು?

ವಂಶವಾಹಿ

ಒಳ್ಳೆಯ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ನನಗೆ ಬಹಳ ಮೆಚ್ಚುಗೆಯಾದದ್ದು. ಉತ್ತರ ಅಟ್ಲಾಂಟಿಕ್‌ನಲ್ಲಿ 1931ರಿಂದಲೂ ಸರಕು ಹಡಗುಗಳ ಹಿಂದೆ ಒಂದು ಪೆಟ್ಟಿಗೆಯನ್ನು ಕಟ್ಟಿ ಎಳೆಯುತ್ತಾರೆ. ಅದರೊಳಗೆ ಉದ್ದನೆಯ ರೇಷ್ಮೆ ಪಟ್ಟಿಯೊಂದು ನಿಧಾನವಾಗಿ ಸುರುಳಿ ಸುತ್ತಿಕೊಳ್ಳುತ್ತಾ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳನ್ನು ಹಿಡಿಯುತ್ತದೆ. ಆ ಪಟ್ಟಿಗಳನ್ನು ಫಾರ್ಮಲಿನ್‌ನಲ್ಲಿ ಕಾಪಾಡಿ ಇಟ್ಟಿದ್ದಾರೆ. ಇಟಲಿಯ ಲುಯಿಜಿ ವೆಜ್ಜುಲ್ಲಿ ಮತ್ತು ಸಂಗಡಿಗರು 1958ರಿಂದ 2011ರವರೆಗಿನ ಪಟ್ಟಿಗಳಿಂದ ಡಿಎನ್‌ಎ ತೆಗೆದು ನೋಡಿದಾಗ ಒಟ್ಟು ಬ್ಯಾಕ್ಟೀರಿಯಾಗಳಲ್ಲಿ ವಿಬ್ರಿಯೋದ ಪಾಲು ಕಡಲಿನ ತಾಪಮಾನದೊಂದಿಗೆ ಏರುತ್ತಾ ಬಂದದ್ದು ಕಂಡಿತು. 1958ರಲ್ಲಿ ಪಟ್ಟಿ ಸುತ್ತಿಟ್ಟವರಿಗೆ ಅದರಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಕಾಪಾಡುತ್ತಿದ್ದೇವೆ ಎಂಬ ಕಲ್ಪನೆಯೂ ಇರಲಿಲ್ಲ.

ಅಲಾಸ್ಕಾದ್ದೂ ಇದೆ. 2004ರ ಬೇಸಿಗೆಯಲ್ಲಿ ಅಲ್ಲಿನ ಹಸಿ ಸಿಂಪಿ ತಿಂದ ವಿಹಾರ ಹಡಗಿನ ಪ್ರಯಾಣಿಕರಿಗೆ ಪ್ಯಾರಾಹೀಮೋಲಿಟಿಕಸ್ ಭೇದಿಯಾಯಿತು. ಅಲ್ಲಿಯವರೆಗೆ ತಿಳಿದಿದ್ದ ಉತ್ತರದ ಗಡಿಗಿಂತ 1000 ಕಿಲೋಮೀಟರ್ ಮೇಲಿನ ಜಾಗ ಅದು. ಆ ಬೇಸಿಗೆ ಸಿಂಪಿ ತೋಟದ ನೀರು 15 ಡಿಗ್ರಿಗಿಂತ ಕೆಳಗೆ ಇಳಿದೇ ಇರಲಿಲ್ಲ.

ಲೆಕ್ಕಾಚಾರ

ಒಪ್ಪಿದೆ. ಆದರೆ ಮೂಲ ಪ್ರಶ್ನೆ ಉಳಿದೇ ಇದೆ. ನಮ್ಮ ಕಡಲು ಯಾವಾಗಲೂ 15 ಡಿಗ್ರಿಗಿಂತ ಬಹಳ ಮೇಲೆಯೇ ಇದೆ. ಹಾಗಾದರೆ ಬಿಸಿ ಏರಿಕೆಯಿಂದ ನಮಗೆ ವ್ಯತ್ಯಾಸವೇ ಇಲ್ಲ ಎನ್ನಬೇಕೇ?

ಸೂಕ್ಷ್ಮಲೋಕ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಂಡ ನೈರುತ್ಯ ಕರಾವಳಿಯ ಎರಡು ಅಳಿವೆಗಳ ಸಿಂಪಿಗಳನ್ನು ಋತುಮಾನಕ್ಕೆ ತಕ್ಕಂತೆ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. 49 ಮಾದರಿಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಪ್ಯಾರಾಹೀಮೋಲಿಟಿಕಸ್ ಇತ್ತು. ಆದರೆ ರೋಗ ತರುವ ತಳಿಗಳ ಮುಖ್ಯ ಗುರುತಾದ ಟಿಡಿಎಚ್ ವಂಶವಾಹಿ ಸಿಕ್ಕಿದ್ದು 5 ಮಾದರಿಗಳಲ್ಲಿ ಮಾತ್ರ. ಅಳಿವೆಯಂಚು ಅವರು ಕೇಳಿದ 'ಮೊದಲಿನಿಂದಲೂ ಇದೆಯೇ' ಎಂಬುದಕ್ಕೆ ಇದು ನೇರ ಉತ್ತರ. ಇದೆ, ಬಹುತೇಕ ಎಲ್ಲೆಡೆ ಇದೆ, ಆದರೆ ಬಹುಪಾಲು ಸಾಧು ತಳಿಗಳು.

ನಮ್ಮ ಅಳಿವೆಗಳಲ್ಲಿ ತಾಪಮಾನ ವರ್ಷವಿಡೀ ಅವುಗಳಿಗೆ ಅನುಕೂಲವಾಗಿಯೇ ಇರುವುದರಿಂದ ಏರಿಳಿತವನ್ನು ನಿರ್ಧರಿಸುವುದು ಉಪ್ಪು, ಉಪ್ಪನ್ನು ನಿರ್ಧರಿಸುವುದು ಮಳೆ. ಉತ್ತರದ ದೇಶಗಳಲ್ಲಿ ಥರ್ಮಾಮೀಟರ್ ನೋಡಬೇಕು, ನಮ್ಮಲ್ಲಿ ಮಳೆಯ ಪಟ್ಟಿ ನೋಡಬೇಕು. ಕಡಲು ಬಿಸಿಯಾಗುವುದಕ್ಕೂ ಮಳೆಗೂ ನಂಟಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸರಾಸರಿ 1 ಡಿಗ್ರಿ ಬಿಸಿಯಾಗಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಬಿಸಿ ಕಡಲಿನ ಮೇಲಿನ ಗಾಳಿ ಹೆಚ್ಚು ತೇವ ಹೊರುತ್ತದೆ. ಒಂದೇ ವಾರದಲ್ಲಿ ಸುರಿದುಬಿಡುವ ಮಳೆ, ನಡುವೆ ಉದ್ದನೆಯ ಬಿಡುವು, 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ: ಇವೆಲ್ಲ ಅಳಿವೆಯ ಉಪ್ಪನ್ನು ಹಿಂದಿನ ಲೆಕ್ಕ ತಪ್ಪುವಂತೆ ಕುಲುಕುತ್ತವೆ. ವಲ್ನಿಫಿಕಸ್‌ಗೆ ಹಿತವಾದ ಉಪ್ಪಿನ ಹದ ವರ್ಷದಲ್ಲಿ ಯಾವಾಗ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೇ ನಾವು ಅಳೆಯುತ್ತಾ ಹೋಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಗಜನಿ ಅವರು ಕೆರೆಯಲ್ಲಿ ಕಂಡುಕೊಂಡದ್ದೂ ಇದನ್ನೇ.

ಒಂದು ಮಾತು ಸೇರಿಸಬೇಕು. 1996ರ ಫೆಬ್ರವರಿಯಲ್ಲಿ ಕೋಲ್ಕತ್ತದ ರೋಗಿಗಳಲ್ಲಿ ಮೊದಲು ಎದ್ದು ಕಂಡ ಪ್ಯಾರಾಹೀಮೋಲಿಟಿಕಸ್‌ನ ಓ3:ಕೆ6 ತಳಿ 1998ರ ಹೊತ್ತಿಗೆ ಟೆಕ್ಸಾಸ್‌ನ ಸಿಂಪಿ ತಿಂದವರಲ್ಲಿ ಕಾಣಿಸಿತು. ಎಲ್ಲವೂ ಸಾಧು ತಳಿಗಳೇ ಎಂದು ನಿಶ್ಚಿಂತರಾಗಿ ಕೂರುವ ಹಾಗಿಲ್ಲ.

ದಕ್ಕೆಯ ಮಗಳು

ನನ್ನ ಅಮ್ಮ ಮೀನು ಮಾರುತ್ತಾಳೆ. ಕಡಲಿನ ಬಿಸಿಯ ಬಗ್ಗೆ ಇಷ್ಟು ಮಾತಾಡಿದಿರಿ, ಬುಟ್ಟಿಯ ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ಮಂಜುಗಡ್ಡೆ ಬೇಗ ಕರಗುತ್ತದೆ, ಹೆಚ್ಚು ಕೊಳ್ಳಬೇಕು, ಅಂದಿನ ಲಾಭದಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಬುಟ್ಟಿಯ ಅಡಿಯಲ್ಲಿ ನೀರು ಮಾತ್ರ ಇರುತ್ತದೆ. ಮಂಜುಗಡ್ಡೆ ಇಲ್ಲದ ಮೂರು ಗಂಟೆಯಲ್ಲಿ ನಿಜವಾಗಿ ಏನಾಗುತ್ತದೆ?

ಸೂಕ್ಷ್ಮಲೋಕ

ಅಕ್ಕಾ, ನೀವು ಕೇಳಿದ್ದೇ ಅತ್ಯಂತ ಉಪಯುಕ್ತ ಪ್ರಶ್ನೆ. ಪ್ಯಾರಾಹೀಮೋಲಿಟಿಕಸ್ ಅತ್ಯಂತ ವೇಗವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ಒಂದು, ಹಿತವಾದ ಬಿಸಿಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ಇಮ್ಮಡಿಯಾಗಬಲ್ಲದು. ನಾವು ನಿಧಾನದ ಲೆಕ್ಕವನ್ನೇ ಹಿಡಿದು 20 ನಿಮಿಷಕ್ಕೊಮ್ಮೆ ಎಂದುಕೊಂಡರೂ ಮೂರು ಗಂಟೆಯಲ್ಲಿ ಒಂದು 512 ಆಗುತ್ತದೆ. ಮಂಜುಗಡ್ಡೆಯಲ್ಲಿಟ್ಟರೆ ಈ ಬೆಳವಣಿಗೆ ನಿಲ್ಲುತ್ತದೆ. ಇದರ ಮೊದಲ ದಾಖಲೆಯೂ ಮೀನಿನದ್ದೇ. 1950ರಲ್ಲಿ ಒಸಾಕಾದಲ್ಲಿ ಅರೆ ಒಣಗಿದ ಸಣ್ಣ ಮೀನು ತಿಂದು 272 ಜನ ಅಸ್ವಸ್ಥರಾಗಿ 20 ಜನ ಸತ್ತಾಗ ಫುಜಿನೊ ಎಂಬ ವಿಜ್ಞಾನಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಮೀನು ಕೊಯ್ದ ಈಳಿಗೆಮಣೆ, ಮೀನು ತೊಳೆದ ನೀರು ಬೆಂದ ಸಾರಿನ ಪಾತ್ರೆಗೆ ತಾಗಿದರೆ ಬೇಯಿಸಿದ್ದೂ ವ್ಯರ್ಥ.

ಕರಾವಳಿ ವೈದ್ಯ

ದಕ್ಕೆಯ ಮಗಳಿಗೆ ನನ್ನದೊಂದು ಸೇರ್ಪಡೆ. ಅಮ್ಮನ ಕೈಗೆ ಮೀನಿನ ಮುಳ್ಳು ಚುಚ್ಚುವುದು ದಿನನಿತ್ಯದ ಮಾತು ಎಂದು ಬಲ್ಲೆ. ಇಸ್ರೇಲಿನಲ್ಲಿ 1996-97ರಲ್ಲಿ ಕೊಳದ ತಿಲಾಪಿಯಾ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಮಾರುವ ಬದಲು ಜೀವಂತವಾಗಿ ಮಾರತೊಡಗಿದಾಗ, ಮುಳ್ಳು ಚುಚ್ಚಿಸಿಕೊಂಡ 62 ಜನರಿಗೆ ವಲ್ನಿಫಿಕಸ್ ಸೋಂಕು ತಗುಲಿತು. ಮುಳ್ಳು ಚುಚ್ಚಿದ ತಕ್ಷಣ ಸಿಹಿನೀರು ಮತ್ತು ಸಾಬೂನಿನಿಂದ ತೊಳೆಯಲಿ. ಕೈ ಊದಿಕೊಂಡು, ಗಾಯದ ಗಾತ್ರಕ್ಕೆ ಮೀರಿದ ನೋವು ಬಂದರೆ ಬೆಳಗಾಗುವ ತನಕ ಕಾಯಬಾರದು.

ಬಳಚು ವ್ಯಾಪಾರಿ

ಎಲ್ಲರೂ ವಿದ್ಯಾವಂತರು, ನನಗೆ ಒಂದೇ ಸಂಕಟ. ಇಂಥ ಚರ್ಚೆಯ ಎರಡು ಸಾಲನ್ನು ಯಾರೋ ಕಿತ್ತು ವಾಟ್ಸಾಪ್‌ಗೆ ಹಾಕಿದರೆ ನಾಳೆ ಬಳಚಿಗೆ ಗಿರಾಕಿಯೇ ಇರುವುದಿಲ್ಲ. ಅದನ್ನು ನಂಬಿದ ಮನೆಗಳು ಎಷ್ಟಿವೆ ಎಂದು ಇಲ್ಲಿ ಯಾರಾದರೂ ಯೋಚಿಸಿದ್ದೀರಾ?

ಅಳಿವೆಯಂಚು

ಯೋಚಿಸಿದ್ದೇನೆ ಅಣ್ಣಾ, ಏಕೆಂದರೆ ಅದರಲ್ಲಿ ನಮ್ಮ ಮನೆಯೂ ಒಂದು. ಬೇಯಿಸಿದ ಬಳಚಿನ ಬಗ್ಗೆ ಇಲ್ಲಿ ಯಾರೂ ದೂರಿಲ್ಲ. ಅಪಾಯ ಇರುವುದು ತಿನ್ನುವವರಿಗಿಂತ ಹೆಚ್ಚಾಗಿ ಆರಿಸುವವರಿಗೆ, ಅದರಲ್ಲೂ ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ಎಂದು ನನಗೆ ಈಗ ಸ್ಪಷ್ಟವಾಗಿದೆ. ಅದನ್ನು ಮುಚ್ಚಿಟ್ಟರೆ ಬೆಲೆ ಉಳಿಯಬಹುದು, ಕಾಲು ಉಳಿಯುವುದಿಲ್ಲ.

ವೈದ್ಯರೇ, ನಿಮ್ಮ ಮಾತಿನಂತೆ ಕಡತ ತೆಗೆದು ನೋಡಿದೆ. ಮೊದಲ ಚುಚ್ಚುಮದ್ದು ರಾತ್ರಿ 11:40ಕ್ಕೆ, ಸ್ರಾವದ ಮಾದರಿ ಮರುದಿನ ಬೆಳಿಗ್ಗೆ 10 ಗಂಟೆಗೆ. ಇನ್ನೊಂದು ಸಂಗತಿ: ದಾಖಲಾತಿ ಹಾಳೆಯಲ್ಲಿ "ಕಾಲಿಗೆ ಗಾಯ" ಎಂದಷ್ಟೇ ಇದೆ, ಅಳಿವೆಯ ಮಾತೇ ಇಲ್ಲ. ನಾವೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಮಗೆ ನೀರು ಎಂದರೆ ದಿನದ ಕೆಲಸ, ಅದನ್ನು ಆಸ್ಪತ್ರೆಯಲ್ಲಿ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಾವ ಈಗ ನೀರಿಗಿಳಿಯುತ್ತಿಲ್ಲ, ದಡದಲ್ಲಿ ಕುಳಿತು ಬಳಚು ಬೇರ್ಪಡಿಸುತ್ತಾರೆ. ನೀರಿಗಿಳಿಯುವ ಉಳಿದವರಿಗಾಗಿ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಹೊದಿಸಿ ಮನೆಮನೆಗೆ ಕೊಡಬೇಕೆಂದಿದ್ದೇನೆ. ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ಈ ರೋಗಿ ಅಳಿವೆಯ ನೀರಿನಲ್ಲಿ ಕೆಲಸ ಮಾಡುವವರು. ಗಾಯಕ್ಕೆ ಉಪ್ಪುನೀರು ತಾಗಿದೆ. ಗಾಯವಾದ ಸಮಯ: ____. ಲಿವರ್ ತೊಂದರೆ ಅಥವಾ ಸಕ್ಕರೆ ಕಾಯಿಲೆ: ಇದೆ / ಇಲ್ಲ. ವಿಬ್ರಿಯೋ ಸಾಧ್ಯತೆಯನ್ನು ದಯವಿಟ್ಟು ಪರಿಶೀಲಿಸಿ."

ಕರಾವಳಿ ವೈದ್ಯ

ಚೆನ್ನಾಗಿದೆ. ಕೊನೆಗೆ ಒಂದು ಸಾಲು ಸೇರಿಸಿ: "ಚಿಕಿತ್ಸೆ ತಡಮಾಡದೆ, ಸಾಧ್ಯವಾದರೆ ಆಂಟಿಬಯಾಟಿಕ್ ಕೊಡುವ ಮೊದಲೇ ರಕ್ತ ಮತ್ತು ಸ್ರಾವದ ಮಾದರಿ ತೆಗೆಯಿರಿ." ಇಂಗ್ಲಿಷಿನಲ್ಲೂ ಹಿಂಬದಿಗೆ ಅಚ್ಚು ಹಾಕಿಸಿ, ರಾತ್ರಿ ಪಾಳಿಯ ವೈದ್ಯರು ಹೊರ ರಾಜ್ಯದವರಾಗಿರಬಹುದು.

ಬಳಚು ವ್ಯಾಪಾರಿ

ನನಗೆ ನಲವತ್ತು ಚೀಟಿ ಬೇಕು ತಂಗಿ, ಅಚ್ಚಿನ ಖರ್ಚು ನಾನು ಕೊಡುತ್ತೇನೆ.